ಕ್ರಿಸ್ಮಸ್ ರಜೆಯ ವಾರ: ಓಟ, ಸೈಕಲ್, ಕಟ್ಟದ ಕೆಲಸ ಮತ್ತು ಮನೆಮಂದಿಯ ತಿರುಗಾಟ

ಮಕ್ಕಳಿಗೆ ಕ್ರಿಸ್ಮಸ್ ರಜೆ ಸಿಗುವ ವಾರವೇ ನನಗೆ ವರ್ಷದ ಅತಿ ಒಳ್ಳೆಯ ತರಬೇತಿಯ ವಾರ. ಮಳೆ ಬಿಟ್ಟಿರುತ್ತದೆ, ತೋಡಿನಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ, ಬೆಳಗ್ಗೆ ಎಂಟರವರೆಗೂ ತಂಪು. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿಂದ ಪಡುವಕ್ಕೆ ಹೋದರೆ ಸಮುದ್ರ, ಮೂಡಕ್ಕೆ ಹೋದರೆ ಘಟ್ಟ, ನಡುವೆ ಪದವು, ಗುಡ್ಡೆ, ಅಡಿಕೆ ತೋಟ. ಓಡುವವರಿಗೂ ಸೈಕಲ್ ತುಳಿಯುವವರಿಗೂ ಇನ್ನೇನು ಬೇಕು?

ನಾನು ತಯಾರಾಗುತ್ತಿರುವುದು 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ. ಅದನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಅದಕ್ಕೆ ಭಾರಿ ವೇಗ ಬೇಡ, ಇಡೀ ದಿನ ದಣಿಯದೆ ತುಳಿಯುವ ತಾಕತ್ತು ಬೇಕು.

ನನ್ನ ಕ್ರಮ ಇಷ್ಟೇ. ಬೆಳಕಾಗುವ ಮೊದಲೇ ನಾನು ಹೊರಡುತ್ತೇನೆ, ಮನೆಯವರು ನಿಧಾನಕ್ಕೆ ಎದ್ದು ತಿಂಡಿ ಕಟ್ಟಿಕೊಂಡು ಕಾರಿನಲ್ಲಿ ಬಂದು ಸೇರುತ್ತಾರೆ, ವಾಪಸ್ ಬರುವಾಗ ಸೈಕಲ್ ಕಾರಿನ ಹಿಂದೆ ಕಟ್ಟಿ ಎಲ್ಲರೂ ಒಟ್ಟಿಗೆ. ಇದರಿಂದ ಸಮಯ ಉಳಿಯುತ್ತದೆ, ಅದು ಹೌದು. ಆದರೆ ನನಗೆ ದೊಡ್ಡ ಲಾಭ ಬೇರೆಯೇ. ತಿಂಡಿ ಆದ ಮೇಲೆ ಮಕ್ಕಳ ಜೊತೆ ಕೋಟೆ ಸುತ್ತಬೇಕು, ಗುಡ್ಡೆ ಹತ್ತಬೇಕು, ಕಾಲಿನಲ್ಲಿ ಅದಕ್ಕೆ ದಮ್ಮು ಉಳಿದಿರಬೇಕು ಅಲ್ವಾ? ಹಾಗಾಗಿ ವೇಗ ತಾನಾಗಿಯೇ ಹಿಡಿತದಲ್ಲಿರುತ್ತದೆ. ಎಂಡ್ಯೂರೆನ್ಸ್ ತರಬೇತಿಯಲ್ಲಿ ಹೆಚ್ಚಿನ ಕಿಲೋಮೀಟರುಗಳು ಸುಲಭದ ವೇಗದಲ್ಲೇ ಆಗಬೇಕು, ಏದುಸಿರು ಬಿಡದೆ ಪೂರ್ತಿ ವಾಕ್ಯ ಮಾತಾಡುವಷ್ಟು. ಒಬ್ಬನೇ ಹೋದರೆ ಮುಂದೆ ಹೋಗುವ ಬೈಕಿನವನನ್ನು ಕಂಡು ಕಾಲು ಜೋರಾಗಿ ತುಳಿಯುತ್ತದೆ. ಮಕ್ಕಳು ಬರುತ್ತಾರೆ ಅಂತ ಗೊತ್ತಿದ್ದರೆ ತುಳಿಯುವುದಿಲ್ಲ.

ಉದ್ದದ ರೈಡ್ ಬೇಕಲಕ್ಕೆ. ಕಾಸರಗೋಡು ಪೇಟೆ ದಾಟಿದ ಮೇಲೆ ನಾನು ಹೆದ್ದಾರಿಗೆ ಹೋಗುವುದಿಲ್ಲ, ಚಂದ್ರಗಿರಿ ಸೇತುವೆ ಮೇಲಿಂದ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ದಾರಿ ಹಿಡಿಯುತ್ತೇನೆ. ಸಣ್ಣ ಸಣ್ಣ ಏರಿಳಿತ, ಬೆಳಗ್ಗೆ ವಾಹನವೂ ಕಡಿಮೆ. ಸೇತುವೆಯ ಮೇಲೆ ಬಂದಾಗ ಬಲಗಡೆ ಹೊಳೆ ಸಮುದ್ರ ಸೇರುವ ಕಡೆಯಿಂದ ಗಾಳಿ ಬೀಸುತ್ತದೆ, ಬೆವರು ಒಮ್ಮೆಗೇ ತಣ್ಣಗಾಗುತ್ತದೆ. ಬೇಕಲ ಕೋಟೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, ಸುಮಾರು 40 ಎಕರೆ ಜಾಗ, ಪೂರ್ತಿ ಮುರಕಲ್ಲು (ಜಂಬಿಟ್ಟಿಗೆ). ಮಗನಿಗೆ ಗೋಡೆಯ ತೂತುಗಳಲ್ಲಿ ಕಣ್ಣಿಟ್ಟು ಸಮುದ್ರ ನೋಡುವುದೇ ಕೆಲಸ. ಒಂದು ತೂತಿನಿಂದ ಇನ್ನೊಂದಕ್ಕೆ ಅವನು ಓಡುತ್ತಾನೆ, ನಾನು ಹಿಂದೆ ನಡೆಯುತ್ತೇನೆ. ಸೈಕಲ್ ಇಳಿದ ಮೇಲೆ ಹೀಗೆ ಒಂದು ಗಂಟೆ ನಡೆದರೆ ಮರುದಿನ ತೊಡೆ ಹಿಡಿದುಕೊಳ್ಳುವುದಿಲ್ಲ, ಇದು ನನ್ನ ಅನುಭವ.

ತಿನ್ನುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊರಡುವ ಮೊದಲು ಕದಳಿ ಬಾಳೆಹಣ್ಣು, ದಾರಿಯಲ್ಲಿ ಎಳ್ಳುಂಡೆ, ಬಾಟಲಿಯಲ್ಲಿ ಬೆಲ್ಲ, ನಿಂಬೆಹುಳಿ, ಉಪ್ಪು ಹಾಕಿದ ನೀರು. ಬೊಂಡ (ಎಳನೀರು) ಕುಡಿದರೆ ಸಾಕು ಅಂತ ಸುಮಾರು ಜನ ಹೇಳುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಅದಕ್ಕೆ ಬೊಂಡದ ಜೊತೆ ಒಂದು ಚಿಟಿಕೆ ಉಪ್ಪು ಇರಲೇಬೇಕು. ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಅನ್ನ, ನೀರು, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ, ದಣಿದ ಹೊಟ್ಟೆಗೆ ಅದಕ್ಕಿಂತ ಹಿತವಾದದ್ದು ಇಲ್ಲ.

ಇನ್ನು ಕಟ್ಟದ ವಿಷಯ. ನನ್ನ ಜಿಮ್ ದಿನ ಅದೇ. ಮಳೆ ನಿಂತ ಮೇಲೆ ನಮ್ಮ ಕಡೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಾರೆ. ಏತಡ್ಕದಲ್ಲಿ ಒಂದರ ಕೆಳಗೆ ಒಂದರಂತೆ ಸಾಲು ಕಟ್ಟಗಳಿವೆ, ಅವು ಊರಿನಾಚೆಗೂ ಹೆಸರಾದವು. ಹರಿದು ಹೋಗುವ ನೀರು ಕಟ್ಟದ ಹಿಂದೆ ನಿಂತು ನೆಲಕ್ಕೆ ಇಂಗುತ್ತದೆ, ಅಕ್ಕಪಕ್ಕದ ಬಾವಿ, ಕೆರೆ, ಸುರಂಗಗಳಲ್ಲಿ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಬಿಲಗಳಲ್ಲಿ) ನೀರು ಬೇಸಿಗೆಗೂ ಒದಗುತ್ತದೆ. ನಾವು ನೆರೆಕರೆಯವರು ಸೇರಿ ಹಾಕುವುದು ಸಣ್ಣ ಕಟ್ಟ. ಮೊದಲು ದೊಡ್ಡ ಕಲ್ಲುಗಳು, ಅವುಗಳ ಸಂದಿಗೆ ಸಣ್ಣವು, ಮೇಲೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಒತ್ತಿ ಮಣ್ಣಿನ ಚೀಲ. ಚೀಲಕ್ಕೆ ಮಣ್ಣು ತುಂಬುವುದು ಗುಡ್ಡೆಯ ಬುಡದಲ್ಲಿ, ಅಲ್ಲಿಂದ ಹೆಗಲ ಮೇಲೆ ಹೊತ್ತು ತೋಟದ ಕಣಿ ದಾಟಿ, ಪಾಚಿ ಹಿಡಿದ ಕಲ್ಲಿನ ಮೇಲೆ ಹೆಜ್ಜೆ ಇಟ್ಟು ನೀರಿಗಿಳಿಯಬೇಕು. ಆಗ ಪಾದದ ಪ್ರತಿ ಬೆರಳೂ ಕಲ್ಲನ್ನು ಹಿಡಿಯುತ್ತದೆ, ಸೊಂಟ ನೆಟ್ಟಗೆ ನಿಲ್ಲುತ್ತದೆ, ಉಸಿರು ಹೊಟ್ಟೆಯ ತಳದಿಂದ ಬರುತ್ತದೆ. ದೂರದ ರೈಡಿನಲ್ಲಿ ಮೊದಲು ಸೋಲುವುದು ಕಾಲಲ್ಲ, ಸೊಂಟ ಮತ್ತು ಬೆನ್ನು. ಅವೆರಡಕ್ಕೂ ಇಂಥ ವ್ಯಾಯಾಮ ಯಾವ ಯಂತ್ರದಲ್ಲೂ ಸಿಗಲಿಕ್ಕಿಲ್ಲ.

ಪಕ್ಕದ ಮನೆಯ ಮಾವನಿಗೆ ಎಪ್ಪತ್ತು ದಾಟಿದೆ. ಅವರು ಚೀಲ ಹೊರುವುದಿಲ್ಲ, ನೀರಿನಲ್ಲಿ ನಿಂತು ಯಾವ ಕಲ್ಲು ಎಲ್ಲಿಗೆ ಅಂತ ಹೇಳುತ್ತಾರೆ. ನಾನು ಎರಡು ಚೀಲ ಒಟ್ಟಿಗೆ ಹೊರಲು ಹೋದಾಗ, "ಒಂದೊಂದೇ ತಾ ಮಗಾ, ಸಂಜೆವರೆಗೆ ಕೆಲಸ ಉಂಟು" ಅಂದರು. ಬ್ರೆವೆಗೆ ಹೋಗುವವರಿಗೆಲ್ಲ ನಾನು ಹೇಳಬೇಕೆಂದಿರುವುದೂ ಇದೇ ಮಾತು. ಮಕ್ಕಳು ಸಣ್ಣ ಕಲ್ಲು ದಾಟಿಸಿದರು, ಹೆಂಡತಿ ಮತ್ತು ಅಮ್ಮ ಎಲ್ಲರಿಗೂ ಚಾ ಮತ್ತು ಬಿಸಿ ಗೋಳಿಬಜೆ ತಂದರು. ಸಂಜೆ ಹೊತ್ತಿಗೆ ನೀರು ಮಗಳ ಸೊಂಟದವರೆಗೆ ಏರಿತ್ತು. ಅವಳಿಗಾದ ಖುಷಿ ಹೇಳತೀರದು.

ಈಜು ಮನೆಯ ಕೆರೆಯಲ್ಲಿ. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಒಂದಿಷ್ಟು ಎಬ್ಬಿಸಿ, ಅದನ್ನೇ ಗಂಟು ಹಾಕಿ ಜೋಡಿಸಿದರೆ ಕಲಿಯುವವರಿಗೆ ತೇಲಲು ಸಾಕು. ನಾನೂ ಹಾಗೇ ಕಲಿತದ್ದು, ಈಗ ಮಗ ಕಲಿಯುತ್ತಿದ್ದಾನೆ. ಅವನ ಪಕ್ಕ ನಾನು ನಿಧಾನಕ್ಕೆ ಆಚೆ ದಡ ಈಚೆ ದಡ ಮಾಡುತ್ತೇನೆ. ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು, ದಡದಲ್ಲಿ ಕೂತು ಮೊಬೈಲ್ ನೋಡುವುದಲ್ಲ.

ಉದ್ದದ ಓಟ ಅನಂತಪುರದ ದೇವಸ್ಥಾನಕ್ಕೆ. ಸೀತಾಂಗೋಳಿ ದಾಟಿ ನಾಯ್ಕಾಪಿನ ಕಡೆಗೆ ಹೋಗುವ ದಾರಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ, ಮೈ ಬೇಗ ತಣ್ಣಗಾಗುವುದಿಲ್ಲ. ಅದೇ ವೇಗದಲ್ಲಿ ಓಡಿದರೂ ಒಂದು ಗಂಟೆ ಕಳೆದ ಮೇಲೆ ವಾಚಿನಲ್ಲಿ ಎದೆಬಡಿತ ಮೇಲೇರುತ್ತಾ ಹೋಗುತ್ತದೆ. ಆಗ ನಾನು ವೇಗ ನೋಡುವುದು ಬಿಟ್ಟು ಎದೆಬಡಿತ ಮಾತ್ರ ನೋಡುತ್ತೇನೆ, ಏರಿನಲ್ಲಿ ನಡೆಯುತ್ತೇನೆ. ಘಟ್ಟದ ಮೇಲಿನ ಊರಿನವರ ಲೆಕ್ಕವನ್ನು ಇಲ್ಲಿಗೆ ಹಿಡಿಯಬೇಡಿ.

ಕಾರಿನಲ್ಲಿ ನನ್ನ ಒಣ ಬಟ್ಟೆ, ಮುಂಡು ಬಂದಿರುತ್ತದೆ. ಮೈ ತೊಳೆದು, ಉಟ್ಟು, ದೇವಸ್ಥಾನದ ಒಳಗೆ ಹೋಗುವುದು. ಮುರಕಲ್ಲಿನ ನೆಲದ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ನಮ್ಮ ಮನೆಯಲ್ಲಿ ಅವತ್ತು ಅಮ್ಮ ಊಟ ಮಾಡಿರಲಿಲ್ಲ. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಅಮ್ಮ ಮೆಟ್ಟಿಲಲ್ಲಿ ಕೂತು ನೀರನ್ನೇ ನೋಡುತ್ತಿದ್ದರು. ನನಗೂ ಕಾಲು ಚಾಚಿ ಕೂರಲು ಅಷ್ಟು ಹೊತ್ತು ಸಿಕ್ಕಿತು.

ಹೆಂಡತಿಗೆ ಓಟ ಇಷ್ಟ ಇಲ್ಲ, ಗುಡ್ಡೆ ಹತ್ತುವುದು ಇಷ್ಟ. ಹಾಗಾಗಿ ಏರಿನ ತರಬೇತಿ ಅವಳ ಜೊತೆ, ಧರ್ಮತ್ತಡ್ಕದ ಹತ್ತಿರ ಪೊಸಡಿಗುಂಪೆಯಲ್ಲಿ, ಸಂಜೆ ಹೊತ್ತು. ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಮೇಲೆ ಬರೀ ಒಣಹುಲ್ಲು. ಅವಳು ಒಂದು ಸಲ ಹತ್ತುವಷ್ಟರಲ್ಲಿ ನಾನು ಅರ್ಧಕ್ಕೆ ಇಳಿದು ಮತ್ತೆ ಮತ್ತೆ ಹತ್ತುತ್ತೇನೆ. ವಾರದಲ್ಲಿ ಏದುಸಿರು ಬರುವ ಕೆಲಸ ಇದೊಂದೇ. "ನೀವು ನಾಲ್ಕು ಸಲ ಹತ್ತಿದರೂ ತುದಿ ಮುಟ್ಟಿದ್ದು ನಾನೇ ಮೊದಲು" ಅಂತ ಅವಳು ಹೇಳುವುದು ನಿಜ.

ರಾಣಿಪುರ ಪೂರ್ತಿ ಮನೆಯವರ ದಿನ. ಮುಳ್ಳೇರಿಯ, ಬಂದಡ್ಕ ದಾರಿಯಾಗಿ ಕಾರಿನಲ್ಲೇ ಹೋಗಿ, ಅರಣ್ಯ ಇಲಾಖೆಯ ಟಿಕೆಟ್ ತೆಗೆದು, ಕಾಡಿನೊಳಗಿಂದ ಹುಲ್ಲುಗಾವಲಿಗೆ ಮಕ್ಕಳ ನಡಿಗೆಯಲ್ಲಿ ಹತ್ತಿದೆವು. ಅದರ ಮರುದಿನ ನಾನು ಏನೂ ಮಾಡಲಿಲ್ಲ, ಮಧ್ಯಾಹ್ನ ಮಲಗಿದೆ. ಮೈ ಗಟ್ಟಿಯಾಗುವುದು ಇಂಥ ನಿದ್ದೆಯಲ್ಲೇ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ದಣಿವು.

ಶಾಲೆ ಶುರುವಾದ ಮೇಲೆ ಭಾನುವಾರ ಮಾತ್ರ ಹೀಗೆ ಆಗುತ್ತದೆ. ಫೆಬ್ರವರಿ ಕಳೆದರೆ ಸೆಕೆ, ಇನ್ನೂ ಬೇಗ ಹೊರಡಬೇಕು. ಮುಂದಿನ ರೈಡ್ ಮಂಜೇಶ್ವರಕ್ಕೆ. ಕವಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡು ನೋಡಿ ಬನ್ನಿ ಅಂತ ಮಗಳ ಕನ್ನಡ ಟೀಚರ್ ಹೇಳಿದ್ದಾರಂತೆ, ತಿಂಡಿ ಅಲ್ಲಿಗೇ ತರಲು ಹೇಳಿದ್ದೇನೆ.