ಮಕ್ಕಳ ಪರ ವಕೀಲರಾಗುವುದು ಹೇಗೆ? ಮೊದಲು ಮಗುವಿನ ಮಾತು ಕೇಳುವುದನ್ನು ಕಲಿಯಿರಿ

ಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡಬೇಕು ಎಂಬ ಆಸೆ ಹೊತ್ತು ಬರುವ ಕಾನೂನು ವಿದ್ಯಾರ್ಥಿಗಳು ಈಗ ಜಾಸ್ತಿ. ಅವರಿಗೆ ಸೆಕ್ಷನ್‌ಗಳು ಬಾಯಿಪಾಠ. ತೀರ್ಪುಗಳ ಹೆಸರು ಪಟಪಟನೆ ಹೇಳುತ್ತಾರೆ. ಆದರೆ ಹತ್ತು ವರ್ಷದ ಮಗುವಿನ ಎದುರು ಕೂತ ಕೂಡಲೇ ಎಡವುತ್ತಾರೆ. ಮೊದಲ ಪ್ರಶ್ನೆಯೇ ‘ಏನಾಯ್ತು ಹೇಳು’. ಮಗು ನೆಲ ನೋಡುತ್ತದೆ. ಎರಡನೆಯದು ‘ಹೆದರಬೇಡ, ಹೇಳು’. ಮಗು ಇನ್ನಷ್ಟು ಮುದುಡುತ್ತದೆ. ಐದು ನಿಮಿಷದಲ್ಲಿ ವಕೀಲರು ತಾಯಿಯ ಕಡೆ ತಿರುಗಿ, ವಿವರವನ್ನೆಲ್ಲ ಅವರಿಂದಲೇ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಕಕ್ಷಿದಾರರೇ ಬದಲಾದಂತೆ. ಇದನ್ನು ಮತ್ತೆ ಮತ್ತೆ ನೋಡಿದ್ದರಿಂದಲೇ ಈ ಲೇಖನ ಬರೆಯುತ್ತಿದ್ದೇನೆ.

ಹಂತ 1: ಪದವಿ ಮತ್ತು ಸನ್ನದು

ಪಿಯುಸಿ ನಂತರ ಐದು ವರ್ಷದ ಕೋರ್ಸ್, ಇಲ್ಲವೇ ಪದವಿ ನಂತರ ಮೂರು ವರ್ಷದ ಎಲ್‌ಎಲ್‌ಬಿ. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು, ನಂತರ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ ಕಾಯ್ದೆಯಲ್ಲಿರುವ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ಕಾಲೇಜಿನಲ್ಲಿರುವಾಗ ಒಂದು ಮಾತು ನೆನಪಿಡಿ. ವಕೀಲರ ಕಚೇರಿಯಲ್ಲೋ ಕಾನೂನು ನೆರವು ಕಚೇರಿಯಲ್ಲೋ ಕಕ್ಷಿದಾರರ ಜೊತೆಗಿನ ಎರಡು ಸಂದರ್ಶನಗಳನ್ನು ಕೂತು ನೋಡಿ ಡೈರಿಯಲ್ಲಿ ಬರೆಯಬೇಕು ಎಂಬುದು ಭಾರತೀಯ ವಕೀಲರ ಪರಿಷತ್ತಿನ ಪಠ್ಯಕ್ರಮದಲ್ಲೇ ಇದೆ. ಹಿಂದಿನ ವರ್ಷದವರ ಡೈರಿ ತಂದು ಕಾಪಿ ಮಾಡಿ ಅಂಕ ಪಡೆಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಕೋರ್ಸಿನಲ್ಲಿ ಈ ಕೆಲಸಕ್ಕೆ ನೇರವಾಗಿ ಒದಗುವ ಪಾಠ ಅದು. ಅದೇ ರೀತಿ, ವಾರಾಂತ್ಯದಲ್ಲಿ ಮುಗಿಯುವ ಆನ್‌ಲೈನ್ ‘ಮಕ್ಕಳ ಕಾನೂನು’ ಸರ್ಟಿಫಿಕೇಟ್ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಬಾಲ ನ್ಯಾಯ ಕಾಯ್ದೆಯ ಮೂಲ ಪ್ರತಿ ಕೊಂಡು ಎರಡು ಸಲ ಓದಿ.

ಹಂತ 2: ಮೊದಲು ಟ್ರಯಲ್ ಕಲಿಯಿರಿ

ಸನ್ನದು ಸಿಕ್ಕ ಕೂಡಲೇ ಸ್ವಯಂಸೇವಾ ಸಂಸ್ಥೆಗೆ ಸೇರಬೇಡಿ. ಎರಡು ಮೂರು ವರ್ಷ ಟ್ರಯಲ್ ನಡೆಸುವ ಸೀನಿಯರ್ ಹತ್ತಿರ ಇರಿ. ತಾಲ್ಲೂಕು ಕೋರ್ಟ್ ಆದರೆ ಇನ್ನೂ ಒಳ್ಳೆಯದು. ಪಾಟೀ ಸವಾಲು ಮಾಡಲು ಬಾರದವರು ಮಗುವನ್ನು ಪಾಟೀ ಸವಾಲಿನಿಂದ ಕಾಪಾಡಲಾರರು. ಹಣದ ವಿಷಯವನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಕ್ಕಳ ಕೇಸುಗಳಿಂದ ಮಾತ್ರ ಆರಂಭದಲ್ಲಿ ಮನೆ ನಡೆಯುವುದಿಲ್ಲ. ಜೊತೆಗೆ ಸಿವಿಲ್ ಕೆಲಸ ಇಟ್ಟುಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ.

ಸ್ವಲ್ಪ ಅನುಭವವಾದ ಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕಿ. ಉಚಿತ ನೆರವಿನ ಕೇಸುಗಳನ್ನು ನಡೆಸುವ ವಕೀಲರ ಪಟ್ಟಿ ಅದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅಪ್ಪ ಅಮ್ಮನ ಆದಾಯ ಎಷ್ಟು ಎಂದು ಕೇಳುವಂತಿಲ್ಲ.

ಹಂತ 3: ಯಾವ ಬಾಗಿಲು ಎಂದು ಗುರುತಿಸಿ

ಒಂದು ಮಗುವಿನ ವಿಷಯ ಹಲವು ಕಡೆ ಹೋಗಬಹುದು. ತಪ್ಪು ಮಾಡಿದ ಆರೋಪ ಇದ್ದರೆ ಬಾಲ ನ್ಯಾಯ ಮಂಡಳಿ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಾಮಾಜಿಕ ಕಾರ್ಯಕರ್ತರು ಇರುತ್ತಾರೆ. ಪಾಲನೆ, ರಕ್ಷಣೆ ಬೇಕಾದ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ವಿಶೇಷ ನ್ಯಾಯಾಲಯ. ಅಪ್ಪ ಅಮ್ಮನ ಜಗಳದಲ್ಲಿ ಮಗು ಯಾರ ಬಳಿ ಇರಬೇಕು ಎಂಬುದಾದರೆ ಕೌಟುಂಬಿಕ ನ್ಯಾಯಾಲಯ. ಒಂದೇ ಮಗುವಿಗೆ ಎರಡು ಮೂರು ಬಾಗಿಲು ಒಟ್ಟಿಗೆ ತೆರೆದಿರುವುದೂ ಉಂಟು. ಬಾಲ್ಯವಿವಾಹದ ಕೇಸಿನಲ್ಲಿ ಸಾಮಾನ್ಯವಾಗಿ ಹಾಗೇ ಆಗುತ್ತದೆ.

ಎಲ್ಲದಕ್ಕೂ ಮೊದಲು ವಯಸ್ಸಿನ ದಾಖಲೆ ಹಿಡಿಯಿರಿ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನೇರವಾಗಿ ಮೂಳೆ ಪರೀಕ್ಷೆಗೆ ಹಾರಿದರೆ ಆಕ್ಷೇಪಿಸಿ. 16 ದಾಟಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ 15ನೇ ಸೆಕ್ಷನ್‌ನ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಆ ಮಗುವನ್ನು ವಯಸ್ಕರಂತೆ ವಿಚಾರಣೆಗೆ ಕಳಿಸಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಕೆಲವೇ ತಿಂಗಳ ವ್ಯತ್ಯಾಸ ಆ ಮಗುವಿನ ಬದುಕನ್ನೇ ಬೇರೆ ದಾರಿಗೆ ಹಾಕಬಹುದು.

ಹಂತ 4: ಮಗುವಿನ ಜೊತೆ ಮೊದಲ ಮಾತು

ಇಲ್ಲೇ ಹೆಚ್ಚಿನವರು ಕೆಡಿಸುವುದು. ಹಾಗಾಗಿ ನಿಧಾನವಾಗಿ ಓದಿ.

ಹೋಗುವ ಮೊದಲು ಫೈಲ್ ಪೂರ್ತಿ ಓದಿ. ಪೋಕ್ಸೊ ಕೇಸಿನ ಮಗು ತನಗಾದದ್ದನ್ನು ಮನೆಯವರಿಗೆ, ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟ್‌ಗೆ ಆಗಲೇ ಹೇಳಿರುತ್ತದೆ. ನೀವು ಇನ್ನೊಮ್ಮೆ ಮೊದಲಿಂದ ಹೇಳಿಸಬೇಡಿ. ಬಹಳ ಸಲ ಮೊದಲ ಭೇಟಿಯಲ್ಲಿ ಘಟನೆಯ ಮಾತೇ ಬೇಕಿರುವುದಿಲ್ಲ. ಮಗುವಿಗೆ ಈಗ ಏನು ಬೇಕು, ಯಾವುದಕ್ಕೆ ಭಯ, ಶಾಲೆಗೆ ಹೋಗುತ್ತಿದೆಯಾ, ಆರೋಪಿ ಅದೇ ಬೀದಿಯಲ್ಲಿದ್ದಾನಾ ಎಂಬುದು ಗೊತ್ತಾದರೆ ಸಾಕು. ಜಾಮೀನಿಗೆ ವಿರೋಧ, ಮಧ್ಯಂತರ ಪರಿಹಾರದ ಅರ್ಜಿ ಎರಡಕ್ಕೂ ಬೇಕಾದದ್ದು ಇದರಲ್ಲೇ ಸಿಗುತ್ತದೆ.

ಕಪ್ಪು ಕೋಟು ಬಿಚ್ಚಿಟ್ಟು ಹೋಗಿ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರೇ ಸಮವಸ್ತ್ರದಲ್ಲಿ ಇರಬಾರದು ಎಂದು ಪೋಕ್ಸೊ 24ನೇ ಸೆಕ್ಷನ್ ಹೇಳುತ್ತದೆ. ನಮಗ್ಯಾಕೆ ಕೋಟು? ಮೇಜಿನ ಆಚೆ ಈಚೆ ಕೂರಬೇಡಿ. ಮಗು ನೆಲದ ಮೇಲೆ ಕೂತರೆ ನೀವೂ ನೆಲದ ಮೇಲೆ ಕೂರಿ. ಬಾಗಿಲ ಪಕ್ಕದ ಜಾಗ ಮಗುವಿಗೆ ಬಿಡಿ. ಚಾಕೊಲೇಟ್ ಒಯ್ಯಬೇಡಿ. ಅದು ಪ್ರೀತಿಯಿಂದಲೇ ಇರಬಹುದು. ಆದರೆ ಆಸೆ ತೋರಿಸಿ ಮಾತು ಹೊರಡಿಸುವವರನ್ನು ಈ ಮಕ್ಕಳು ಆಗಲೇ ಕಂಡಿರುತ್ತಾರೆ. ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಪ್ರಶ್ನೆ ಮಾಡುತ್ತಾರೆ.

ತಂದೆ ತಾಯಿಯನ್ನು ಹೊರಗೆ ಕೂರಿಸಿ. ಯಾಕೆ ಎಂದು ಅವರಿಗೆ ಮೊದಲೇ ವಿವರಿಸಿ. ಮಗು ಒಪ್ಪದಿದ್ದರೆ ಒತ್ತಾಯ ಬೇಡ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕೂರಲಿ.

ನೀವು ಯಾರು ಎಂದು ಮೂರು ವಾಕ್ಯದಲ್ಲಿ ಹೇಳಿ. ‘ನನ್ನ ಹೆಸರು ಇದು. ನಾನು ಪೊಲೀಸ್ ಅಲ್ಲ, ಜಡ್ಜ್ ಅಲ್ಲ. ನಿನ್ನ ಮಾತನ್ನು ಕೋರ್ಟಿಗೆ ಮುಟ್ಟಿಸೋದು ನನ್ನ ಕೆಲಸ.’ ಇಷ್ಟು ಸಾಕು. ‘ನೀನು ಹೇಳಿದ್ದನ್ನು ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊ 19ನೇ ಸೆಕ್ಷನ್. ಉಳಿಸಿಕೊಳ್ಳಲಾಗದ ಮಾತು ಕೊಟ್ಟು ಮುರಿದರೆ ಆ ಮಗು ಮತ್ತೆ ಯಾವ ದೊಡ್ಡವರನ್ನೂ ನಂಬುವುದಿಲ್ಲ. ‘ನಾವೇ ಗೆಲ್ಲೋದು’, ‘ನಾಳೆ ಮನೆಗೆ ಕಳಿಸ್ತಾರೆ’ ಇವೂ ಬೇಡ.

ಇನ್ನು ಪ್ರಶ್ನೆಗಳು. ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಅವನು ಬಂದಾಗ ನೀನು ಒಳಗಿದ್ಯಾ, ಬಾಗಿಲು ಹಾಕಿತ್ತಾ?’ ಎಂದು ಕೇಳಿದರೆ ಮಗು ಎರಡನೆಯದಕ್ಕೆ ಮಾತ್ರ ‘ಹೂಂ’ ಅನ್ನುತ್ತದೆ. ನೀವು ಎರಡಕ್ಕೂ ಹೌದು ಎಂದು ಬರೆದುಕೊಳ್ಳುತ್ತೀರಿ. ‘ನೀನು ಹೋಗಲಿಲ್ಲ ಅಲ್ವಾ?’ ಥರದ ಪ್ರಶ್ನೆ ಬೇಡವೇ ಬೇಡ. ಅದಕ್ಕೆ ಬರುವ ‘ಹೂಂ’ ಯಾವ ಕಡೆಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

‘ಯಾಕೆ’ ಎಂಬ ಪ್ರಶ್ನೆಯನ್ನು ಪೂರ್ತಿ ಬಿಡಿ. ‘ಯಾಕೆ ಅಲ್ಲಿಗೆ ಹೋದೆ?’, ‘ಯಾಕೆ ಆಗಲೇ ಅಮ್ಮನಿಗೆ ಹೇಳಲಿಲ್ಲ?’ ಎಂದರೆ ಮಗುವಿನ ಕಿವಿಗೆ ಅದು ಬೈಗುಳ. ‘ಅಲ್ಲಿಗೆ ಹೋಗೋ ಮೊದಲು ಏನು ನಡೀತು?’ ಎಂದು ಕೇಳಿ. ಕೇಳಿದ್ದನ್ನೇ ಮತ್ತೆ ಕೇಳಬೇಡಿ. ಶಾಲೆಯಲ್ಲಿ ಟೀಚರ್ ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಎಂದರ್ಥ. ಹಾಗಾಗಿ ಮಗು ಉತ್ತರ ಬದಲಿಸುತ್ತದೆ. ಮತ್ತೆ ಕೇಳಲೇಬೇಕಾದರೆ, ‘ನಂಗೆ ಸರಿಯಾಗಿ ಅರ್ಥ ಆಗಲಿಲ್ಲ, ಅದಕ್ಕೆ ಕೇಳ್ತಿದೀನಿ’ ಎಂದು ಸೇರಿಸಿ.

ಹೊತ್ತು, ತಾರೀಕು ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ. ಎಷ್ಟು ಗಂಟೆ ಎಂದು ಕೇಳುವ ಬದಲು ಶಾಲೆ ಬಿಟ್ಟಿತ್ತಾ, ಊಟ ಆಗಿತ್ತಾ, ಟಿವಿಯಲ್ಲಿ ಏನು ಬರುತ್ತಿತ್ತು ಎಂದು ಕೇಳಿ. ದಿನ ಗೊತ್ತಾಗಬೇಕಾದರೆ ಹಬ್ಬ, ಜಾತ್ರೆ, ಪರೀಕ್ಷೆ ಹಿಡಿದು ಹೋಗಿ. ‘ಗೊತ್ತಿಲ್ಲ’, ‘ನೆನಪಿಲ್ಲ’ ಎಂದರೂ ಪರವಾಗಿಲ್ಲ ಎಂದು ಆರಂಭದಲ್ಲೇ ಹೇಳಿ. ಅಭ್ಯಾಸಕ್ಕೆ ಉತ್ತರ ಗೊತ್ತಿರದ ಒಂದು ಸಣ್ಣ ಪ್ರಶ್ನೆ ಕೇಳಿ, ಮಗು ‘ಗೊತ್ತಿಲ್ಲ’ ಎಂದಾಗ ಒಪ್ಪಿಕೊಳ್ಳಿ.

‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ. ‘ನಾನು ಹೇಳಿದ್ದನ್ನ ನಿನ್ನ ತಂಗಿಗೆ ಹೇಳೋದಾದ್ರೆ ಹೇಗೆ ಹೇಳ್ತೀಯಾ?’ ಎಂದು ಕೇಳಿ. ಆಗ ನಿಜ ಗೊತ್ತಾಗುತ್ತದೆ.

ಮೌನಕ್ಕೆ ಗಾಬರಿಯಾಗಬೇಡಿ. ಹೊಸಬರು ಮೂರು ಸೆಕೆಂಡೂ ತಡೆಯದೆ ಇನ್ನೊಂದು ಪ್ರಶ್ನೆ ಎಸೆಯುತ್ತಾರೆ. ಸುಮ್ನೆ ಇರಿ. ಮಗು ಯೋಚಿಸುತ್ತಿರುತ್ತದೆ.

ಬರೆದುಕೊಳ್ಳುವಾಗ ಮಗುವಿನ ಮಾತನ್ನು ಅದು ಆಡಿದ ಹಾಗೇ ಬರೆಯಿರಿ. ಅಂಗಗಳಿಗೆ ಮಗು ಬಳಸುವ ಹೆಸರೇ ಇರಲಿ. ಕೋರ್ಟಿನ ಭಾಷೆಗೆ ತಿರುಗಿಸಿದರೆ, ಸಾಕ್ಷಿ ಹೇಳುವ ದಿನ ಆ ಮಗು ತನ್ನ ಹೇಳಿಕೆಯನ್ನೇ ಗುರುತಿಸುವುದಿಲ್ಲ. ಯಾವ ಕಾರಣಕ್ಕೂ ಹೇಳಿಕೊಡಬೇಡಿ. ‘ಹೀಗೆ ಹೇಳಿದರೆ ಕೇಸ್ ಗಟ್ಟಿಯಾಗುತ್ತದೆ’ ಎನ್ನುವ ಸೀನಿಯರ್ ಸಿಕ್ಕರೆ ಅವರ ಆಫೀಸು ಬಿಡಿ.

ಮಗುವಿಗೆ ಬೇಕಾದದ್ದು ಒಂದು, ಮಗುವಿಗೆ ಒಳ್ಳೆಯದು ಎಂದು ನಿಮಗನಿಸುವುದು ಇನ್ನೊಂದು ಆದಾಗ? ಇದು ತುಂಬಾ ಕಷ್ಟದ ಪ್ರಶ್ನೆ. ಬಾಲಮಂದಿರದಿಂದ ಹೊಡೆಯುವ ಅಪ್ಪನ ಮನೆಗೇ ಹೋಗುತ್ತೇನೆ ಎನ್ನುವ ಮಕ್ಕಳಿದ್ದಾರೆ. ನನ್ನ ನಿಲುವು ಗಟ್ಟಿ: ವಕೀಲರು ಮಗುವಿನ ಮಾತನ್ನು ಹಾಗೇ ಮುಂದಿಡಬೇಕು. ಒಳಿತನ್ನು ತೂಗಿ ತೀರ್ಮಾನಿಸಲು ಸಮಿತಿ ಇದೆ, ಮಂಡಳಿ ಇದೆ, ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ ಇದೆ. ಮಗುವಿನ ದನಿಯಾಗಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿದೆ. ಆ ಮನೆಗೆ ಹೋದರೆ ಏನಾಗಬಹುದು ಎಂದು ಮಗುವಿನೊಡನೆ ಬಿಚ್ಚಿ ಮಾತಾಡಿ. ಆದರೆ ಮಾತು ತಿರುಚಬೇಡಿ.

ಏಳುವ ಮೊದಲು ಮುಂದೇನು ಎಂದು ಹೇಳಿ. ಯಾರು ಬರುತ್ತಾರೆ, ಯಾವತ್ತು, ಎಲ್ಲಿ. ಆ ದಿನ ತಪ್ಪಿಸಬೇಡಿ.

ಹಂತ 5: ಕೋರ್ಟಿನಲ್ಲಿ

ಪೋಕ್ಸೊ ಕೇಸನ್ನು ನಡೆಸುವವರು ವಿಶೇಷ ಸರ್ಕಾರಿ ಅಭಿಯೋಜಕರು. 40ನೇ ಸೆಕ್ಷನ್ ಮಗುವಿಗೂ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಅಭಿಯೋಜಕರ ಜೊತೆ ಜಗಳ ಬೇಡ, ಅವರಿಗೆ ನೆರವಾಗಿ. ನಿಮ್ಮ ಕಣ್ಣು 33ನೇ ಸೆಕ್ಷನ್ ಮೇಲಿರಲಿ. ಎರಡೂ ಕಡೆಯ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು. ನಡುನಡುವೆ ಬಿಡುವು ಕೊಡಬೇಕು. ಮಗುವನ್ನು ಪದೇ ಪದೇ ಕರೆಸಬಾರದು. 36ನೇ ಸೆಕ್ಷನ್ ಪ್ರಕಾರ ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಪುಸ್ತಕದಲ್ಲಿರುವ ಇದನ್ನೆಲ್ಲ ಕೋರ್ಟಿನಲ್ಲಿ ಎದ್ದು ನಿಂತು ಕೇಳಬೇಕಾದವರು ನೀವೇ. ಹಿಂದಿನ ದಿನ ಖಾಲಿ ಕೋರ್ಟ್ ಹಾಲನ್ನು ಮಗುವಿಗೆ ತೋರಿಸಲು ಅನುಮತಿ ಪಡೆಯಿರಿ.

ಹಂತ 6: ಇದನ್ನು ಕಲಿಸುವುದಾದರೆ

ಕಲಿಸುವ ಆಸೆ ಇದ್ದರೆ ಎಲ್‌ಎಲ್‌ಎಂ, ನೆಟ್ ಅಥವಾ ಕೆಸೆಟ್ ಮಾಡಿಕೊಳ್ಳಿ. ಒಂದು ತೊಡಕು ಮೊದಲೇ ತಿಳಿದಿರಲಿ. ವೃತ್ತಿಯಲ್ಲಿರುವ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಬಹುದು. ಪೂರ್ಣಾವಧಿ ಅಧ್ಯಾಪಕರಾದರೆ ವಕೀಲಿಕೆ ಮಾಡುವಂತಿಲ್ಲ. ವಿದ್ಯಾರ್ಥಿಗಳಂತೂ ವಾದಿಸುವಂತಿಲ್ಲ. ಕಾಲೇಜಿನ ಕ್ಲಿನಿಕ್ ಎಂದರೆ ವಿದ್ಯಾರ್ಥಿಗಳು ಅಧ್ಯಾಪಕರ ಜೊತೆ ನಿಜವಾದ ಕೇಸುಗಳಲ್ಲಿ ಜನರಿಗೆ ಕಾನೂನು ನೆರವು ಕೊಡುತ್ತ ಕಲಿಯುವ ಜಾಗ. ಹಾಗಾದರೆ ಕ್ಲಿನಿಕ್‌ನಲ್ಲಿ ಕೋರ್ಟಿಗೆ ಹೋಗುವವರು ಯಾರು? ಕಾನೂನು ಸೇವಾ ಪ್ರಾಧಿಕಾರದ ಜೊತೆ ಒಪ್ಪಂದ ಮಾಡಿಕೊಂಡು ಒಬ್ಬ ಪ್ಯಾನೆಲ್ ವಕೀಲರನ್ನು ಕ್ಲಿನಿಕ್‌ಗೆ ಜೋಡಿಸಿಕೊಳ್ಳಿ. ಕಾಲೇಜುಗಳಲ್ಲಿ ಕ್ಲಿನಿಕ್ ಬೆಳೆಸುವುದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಕೆಲಸಗಳಲ್ಲೊಂದು ಎಂದು 1987ರ ಕಾಯ್ದೆಯೇ ಹೇಳಿದೆ. ಪ್ರೊ. ಎನ್. ಆರ್. ಮಾಧವ ಮೆನನ್ ಅವರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಕಟ್ಟುವಾಗಿನಿಂದ ಒತ್ತಿ ಹೇಳಿದ ದಾರಿ ಇದು: ಕಾನೂನನ್ನು ಜನರ ಕೆಲಸ ಮಾಡುತ್ತಲೇ ಕಲಿಯಬೇಕು.

ಹಳ್ಳಿಯಲ್ಲಿ ಫ್ಲೆಕ್ಸ್ ಕಟ್ಟಿ, ಭಾಷಣ ಮಾಡಿ, ಫೋಟೊ ತೆಗೆದು ಬಂದು ಕ್ಲಿನಿಕ್ ನಡೆಸಿದೆವು ಎಂದು ವರದಿ ಬರೆಯುವುದು ನಿಲ್ಲಬೇಕು. ಒಂದು ಸೆಮಿಸ್ಟರ್‌ಗೆ ಮೂರು ನಾಲ್ಕು ಕೇಸ್ ಸಾಕು. ವಿದ್ಯಾರ್ಥಿಗಳಿಗೆ ಮೊದಲು ಆಟದ ರೂಪದಲ್ಲಿ ಅಭ್ಯಾಸ ಮಾಡಿಸಿ. ಒಬ್ಬರು ಮಗು, ಒಬ್ಬರು ವಕೀಲರು. ಮಗುವಾದವರು ಆಮೇಲೆ ಹೇಳಲಿ, ಯಾವ ಪ್ರಶ್ನೆಗೆ ಬಾಯಿ ಕಟ್ಟಿತು ಎಂದು. ನಿಜವಾದ ಭೇಟಿಗೆ ಇಬ್ಬರೇ ಹೋಗಲಿ. ನೀವು ಹಿಂದೆ ಕೂರಿ, ನಡುವೆ ಬಾಯಿ ಹಾಕಬೇಡಿ. ಮಗುವಿಗೆ ನೋವಾಗುವ ಪ್ರಶ್ನೆ ಬಂದರೆ ಮಾತ್ರ ತಡೆಯಿರಿ. ಹೊರಗೆ ಬಂದ ಮೇಲೆ ನಿಮ್ಮ ಅಭಿಪ್ರಾಯ ಮೊದಲು ಹೇಳಬೇಡಿ, ಅವರಿಗೆ ಏನು ಕೇಳಿಸಿತು ಎಂದು ಕೇಳಿ. ರಾತ್ರಿ ನಿದ್ದೆ ಬರಲಿಲ್ಲ ಎನ್ನುವ ವಿದ್ಯಾರ್ಥಿ ಇದ್ದೇ ಇರುತ್ತಾರೆ. ಅವರಿಗೆ ಸಮಯ ಕೊಡಿ, ಅಗತ್ಯವಿದ್ದರೆ ಆಪ್ತಸಮಾಲೋಚಕರ ಬಳಿ ಕಳಿಸಿ.

ಇನ್ನೊಂದು ಮುಖ್ಯ ವಿಷಯ. ಸೆಮಿಸ್ಟರ್ ಮುಗಿಯುತ್ತದೆ, ಕೇಸ್ ಮುಗಿಯುವುದಿಲ್ಲ. ಎರಡು ತಿಂಗಳಲ್ಲಿ ಹೊರಟುಹೋಗುವ ವಿದ್ಯಾರ್ಥಿಯನ್ನು ‘ಇವರೇ ನಿನ್ನ ವಕೀಲರು’ ಎಂದು ಪರಿಚಯಿಸಬೇಡಿ. ಪ್ಯಾನೆಲ್ ವಕೀಲರು ಮೊದಲ ದಿನದಿಂದಲೇ ಮಗುವಿಗೆ ಗೊತ್ತಿರಲಿ. ಹೊಸ ತಂಡ ಬಂದಾಗ ಹಳಬರು ಜೊತೆಗೆ ಹೋಗಿ ಪರಿಚಯಿಸಿ ಬೀಳ್ಕೊಳ್ಳಲಿ.

ಕೇಸನ್ನು ಪಾಠಕ್ಕೆ ಬಳಸುವಾಗ ಹೆಸರು ಅಳಿಸಿದರೆ ಸಾಲದು. ಊರು, ಶಾಲೆ, ಅಪ್ಪನ ಕೆಲಸ, ಘಟನೆಯ ತಾರೀಕು ಎಲ್ಲವನ್ನೂ ಬದಲಿಸಿ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಫ್‌ಐಆರ್ ಫೋಟೊ ಹಾಕುವುದಕ್ಕೆ ಮೊದಲ ದಿನವೇ ತಡೆ ಹಾಕಿ. ಫೈಲ್ ಕಾಲೇಜಿನ ಕಪಾಟಿನಲ್ಲಿ ಬೀಗದೊಳಗಿರಲಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ.