ಕಲ್ಲಿನೊಳಗಿನ ಏಳು ಸುತ್ತಿನ ಕೋಟೆ: ಅಗೇಟ್ ಕೊಳ್ಳುವ ಮುಂಚೆ ಹೀಗೆ ನೋಡಿ

ದಾವಣಗೆರೆಯ ಒಂದು ಕಾಲೇಜಿನಲ್ಲಿ 31 ವರ್ಷ ಫಿಸಿಕ್ಸ್ ಲ್ಯಾಬ್ ಅಟೆಂಡರ್ ಆಗಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿದ್ದ ಹಳೇ ತಕ್ಕಡಿ ನೆನಪಿದೆಯಾ, ಫಿಸಿಕಲ್ ಬ್ಯಾಲೆನ್ಸ್ ಅಂತ? ಅದರ ದಂಡಿ ಕೂರುವುದು ಒಂದು ಪುಟ್ಟ ಕಲ್ಲಿನ ಚೂಪು ಅಂಚಿನ ಮೇಲೆ. ಆ ಅಂಚು ಅಗೇಟ್ ಅನ್ನೋ ಗಟ್ಟಿ ಪಟ್ಟೆಗಲ್ಲು, ಅದರ ಕೆಳಗಿನ ಹಾಸೂ ಅಗೇಟ್. ತುಕ್ಕು ಹಿಡಿಯಲ್ಲ, ಬೇಗ ಸವೆಯಲ್ಲ, ಅಯಸ್ಕಾಂತಕ್ಕೆ ಜಗ್ಗಲ್ಲ. ಹುಡುಗರು ದಂಡಿ ಎತ್ತಿಟ್ಟುಕೊಂಡೇ ತೂಕದ ಬಟ್ಟು ಹಾಕೋರು. "ಮೊದ್ಲು ನಾಬ್ ತಿರುಗಿಸಿ ಇಳಿಸ್ರೋ, ಅಂಚು ಚಕ್ಕೆ ಏಳುತ್ತೆ" ಅಂತ ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ. ಕೊನೆಗೆ ಒಂದು ಬ್ಯಾಲೆನ್ಸ್ ಗುಜರಿಗೆ ಹೋಗುವಾಗ ಆ ಚೂರನ್ನು ಲೆನ್ಸ್ ಹಿಡಿದು ನೋಡಿದೆ. ಬೂದು ಕಲ್ಲಿನೊಳಗೆ ಕೂದಲಿಗಿಂತ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಹುಚ್ಚು ಶುರುವಾಗಿದ್ದು ಅಲ್ಲಿಂದ.

ಈಗ ಮನೆಯಲ್ಲಿ ಎರಡು ಡಬ್ಬ ತುಂಬ ಕಲ್ಲಿವೆ. "ರೀ, ಆ ಡಬ್ಬ ಖಾಲಿ ಮಾಡಿ, ಮಂಡಕ್ಕಿ ಎಲ್ಲಿ ಹಾಕ್ಲಿ?" ಅಂತ ಮನೆಯವರು ವಾರಕ್ಕೊಮ್ಮೆ ಕೇಳ್ತಾರೆ. ಪರಿಚಯದವರು ಕೇಳೋದು ಬೇರೆ: ಇದು ಅಸಲಿಯಾ, ನಕಲಿಯಾ? ಹೇಗೆ ನೋಡಬೇಕು ಅಂತ ಒಮ್ಮೆ ಕೂತು ಬರೆದುಬಿಡ್ತೀನಿ.

ಮೊದಲು ಹೆಸರು. ಮಣಿ ಅಂಗಡಿಯಲ್ಲಿ ಅಗೇಟ್ ಅಂದರೆ ಕೆಲವರಿಗೆ ತಿಳಿಯಲ್ಲ, ಹಕೀಕ್ ಅನ್ನಿ. ಕಪ್ಪು ಬಿಳಿ ಪಟ್ಟೆ ಇದ್ದರೆ ಸುಲೇಮಾನಿ ಹಕೀಕ್ ಅಂತಾರೆ. ಗೋಮೇದಕ ಅಂತ ಮಾತ್ರ ಕೇಳಬೇಡಿ. ಜ್ಯೋತಿಷಿಗಳು ಉಂಗುರಕ್ಕೆ ಬರೆದುಕೊಡುವ ಗೋಮೇದಕ ಗಾರ್ನೆಟ್ ಜಾತಿಯ ಜೇನುಬಣ್ಣದ ಕಲ್ಲು. ಅದರಲ್ಲಿ ಪಟ್ಟೆಯೇ ಇರಲ್ಲ.

ಇನ್ನು ಕಲ್ಲು ಹುಟ್ಟುವ ಕಥೆ. ಇದು ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ಮೇಲೆ ಲಾವಾ ಹರಿಯಿತು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಅದೇ. ಲಾವಾ ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದುಬಿಡುತ್ತವೆ, ಕಾವಲಿ ಮೇಲಿನ ದೋಸೆಯಲ್ಲಿ ತೂತು ಬೀಳುತ್ತಲ್ಲ ಹಾಗೆ. ಆಮೇಲೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ, ಕರಗಿರುವ ನೀರು ಆ ಗುಳ್ಳೆಯೊಳಗೆ ಇಳಿಯುತ್ತೆ. ಗೋಡೆಗೆ ಒಂದು ಪದರ ಕಟ್ಟುತ್ತೆ, ಅದರ ಮೇಲೆ ಇನ್ನೊಂದು. ಹೊರಗಿನ ಸುತ್ತು ಮೊದಲು ಕಟ್ಟಿದ್ದು, ಒಳಗಿನದು ಆಮೇಲೆ. ನಡುವೆ ಜಾಗ ಉಳಿದರೆ ಅಲ್ಲಿ ಸ್ಫಟಿಕದ ಹರಳು ಬೆಳೆಯುತ್ತೆ. ಸಿಲಿಕಾಕ್ಕೆ ಅದರದ್ದೇ ಬಣ್ಣ ಅಷ್ಟಾಗಿ ಇಲ್ಲ. ಕಬ್ಬಿಣ ಸೇರಿದರೆ ಕೆಂಪು, ಕಂದು. ಮ್ಯಾಂಗನೀಸ್ ಸೇರಿದರೆ ಕಪ್ಪು. ಕಲ್ಲು ಒಡೆದು ಮಣ್ಣಾದರೂ ಈ ಗಟ್ಟಿ ಉಂಡೆ ಉಳಿಯುತ್ತೆ, ಹೊಳೆಗೆ ಬೀಳುತ್ತೆ. ಭೀಮಾ, ಕೃಷ್ಣಾ ದಂಡೆಯ ಜಲ್ಲಿಯಲ್ಲಿ ಅಗೇಟ್ ಸಿಗೋದು ಹೀಗೆ.

ಗುಳ್ಳೆಯ ಗೋಡೆ ಹೇಗೆ ಬಾಗಿದೆಯೋ ಗೆರೆಯೂ ಹಾಗೇ ಬಾಗುತ್ತೆ. ಕೆಲವು ಕಲ್ಲುಗಳಲ್ಲಿ ಗೆರೆ ಮೂಲೆ ಮೂಲೆಯಾಗಿ ಮುರಿದು, ಮತ್ತೆ ತಿರುಗಿ, ಸುತ್ತು ಹಾಕಿಕೊಂಡು ಬರುತ್ತೆ. ಇಂಥದ್ದಕ್ಕೆ ಸಂಗ್ರಹಕಾರರು ಫೋರ್ಟಿಫಿಕೇಷನ್ ಅಗೇಟ್ ಅಂತಾರೆ, ಅಂದರೆ ಕೋಟೆ ಅಗೇಟ್. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮೇಲಿಂದ ನೋಡಿದ ಗೋಡೆ, ಬತೇರಿ, ಮತ್ತೆ ಗೋಡೆ. ನನ್ನ ಹತ್ತಿರ ಗೋಲಿಗಿಂತ ಸ್ವಲ್ಪ ದೊಡ್ಡದೊಂದು ಬೂದು ಕಲ್ಲಿದೆ. ಲೆನ್ಸ್ ಹಿಡಿದು ಎಣಿಸುತ್ತಾ ಹೋದೆ, 43 ಸುತ್ತಿಗೆ ಕಣ್ಣು ಸೋತು ಬಿಟ್ಟೆ. ಇನ್ನು ಕೆಲವದರಲ್ಲಿ ತಳದ ಗೆರೆಗಳು ಮಾತ್ರ ನೇರವಾಗಿ, ಕೆರೆ ನೀರಿನ ಹಾಗೆ ಮಟ್ಟವಾಗಿರುತ್ತವೆ. ಗುಳ್ಳೆ ಯಾವ ಮಗ್ಗುಲಲ್ಲಿ ಮಲಗಿತ್ತು ಅಂತ ಅದರಲ್ಲೇ ತಿಳಿಯುತ್ತೆ. ಕಲ್ಲಿನೊಳಗೆ ರಸಮಟ್ಟ ಇಟ್ಟ ಹಾಗೆ!

ಆದ್ದರಿಂದ ಅಂಗಡಿಯಲ್ಲಿ ಕಲ್ಲು ಕೈಗೆ ಬಂದಾಗ ಬಣ್ಣ ನೋಡಬೇಡಿ, ಗೆರೆ ನೋಡಿ. ಬಣ್ಣ ಯಾರು ಬೇಕಾದರೂ ಹಾಕಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದು, ಮೊಬೈಲ್ ಟಾರ್ಚ್ ಒಂದು, ಇಷ್ಟು ಸಾಕು. ಟಾರ್ಚನ್ನು ಕಲ್ಲಿನ ಹಿಂದೆ ಹಿಡಿಯಿರಿ. ಅಸಲಿಯಲ್ಲಿ ಒಂದು ಪಟ್ಟೆ ಬೆಳಕು ಬಿಡುತ್ತೆ, ಪಕ್ಕದ್ದು ತಡೆಯುತ್ತೆ. ಪಟ್ಟೆ ಮೇಲ್ಮೈಯಲ್ಲಿ ಮಾತ್ರ ಇರಲ್ಲ, ಆಳಕ್ಕೆ ಇಳಿದಿರುತ್ತೆ. ಒಳಗೆ ದುಂಡನೆಯ ಗಾಳಿಗುಳ್ಳೆ, ಸುರುಳಿ ಸುರುಳಿ ಬಣ್ಣ ಕಂಡರೆ ಅದು ಗಾಜು. ಎಲೆ, ಗಿಡದ ಚಿತ್ತಾರ ಇರುವ ಕಲ್ಲು ಸಿಕ್ಕರೆ ಇನ್ನೂ ಹತ್ತಿರದಿಂದ ನೋಡಿ. ಉತ್ತರ ಪ್ರದೇಶದ ಬಾಂದಾದಲ್ಲಿ ಕೇನ್ ನದಿಯಿಂದ ಬರುವ ಶಜರ್ ಕಲ್ಲು ಇಂಥದ್ದು. ಅದು ಗಿಡವಲ್ಲ, ಮ್ಯಾಂಗನೀಸ್, ಕಬ್ಬಿಣ ಕವಲೊಡೆದು ಬೆಳೆದ ಗುರುತು. ಕೊಂಬೆಯ ತುದಿ ಸಣ್ಣಗಾಗುತ್ತಾ ಕಲ್ಲಿನೊಳಗೆ ಮಾಯವಾಗುತ್ತೆ. ಅಚ್ಚು ಹಾಕಿದ್ದಾದರೆ ಚುಕ್ಕಿ ಚುಕ್ಕಿಯಾಗಿ ಮೇಲೇ ನಿಂತಿರುತ್ತೆ.

ಬಣ್ಣದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಾನೇ ಟೋಪಿ ಹಾಕಿಸಿಕೊಂಡವನು. ಒಂದು ಜಾತ್ರೆಯಲ್ಲಿ ಸೊಸೆಗೆ ಅಂತ ಗುಲಾಬಿ ಮಣಿಸರ ತಂದೆ, 650 ರೂಪಾಯಿ. "ನ್ಯಾಚುರಲ್ ಕಲರ್ ಸಾರ್" ಅಂದ ಮಾರುವವನು. ಯುಗಾದಿ ಹೊತ್ತಿಗೆ ಕಿಟಕಿಯ ಮೊಳೆಗೆ ನೇತು ಹಾಕಿದ್ದು. ದಾವಣಗೆರೆ ಬಿಸಿಲು ಗೊತ್ತಲ್ಲ. ದಸರಾಕ್ಕೆ ತೆಗೆದು ನೋಡಿದರೆ ಬಿಸಿಲಿಗೆ ಮುಖ ಮಾಡಿದ ಮಗ್ಗುಲು ಬೂದು, ಗೋಡೆ ಕಡೆಯ ಮಗ್ಗುಲು ಇನ್ನೂ ಗುಲಾಬಿ. "ಮಾವ, ಇದು ಎರಡು ಬಣ್ಣದ ಸರ ಅಂದ್ಕೊಂಡಿದ್ದೆ" ಅಂದಳು ಸೊಸೆ. ನಾನು ಮಾತಾಡಲಿಲ್ಲ.

ಅಗೇಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ, ಅದು ಬಣ್ಣ ಕುಡಿಯುತ್ತೆ. ಜರ್ಮನಿಯ ಇಡಾರ್-ಒಬರ್‌ಸ್ಟೈನ್ ಊರಿನವರು 19ನೇ ಶತಮಾನದಲ್ಲೇ ಇದನ್ನು ದೊಡ್ಡ ಕಸುಬು ಮಾಡಿಕೊಂಡರು, ಬ್ರೆಜಿಲ್‌ನಿಂದ ಕಲ್ಲು ತರಿಸಿ. ಕಪ್ಪು ಓನಿಕ್ಸ್, ಅಂದರೆ ಕಪ್ಪು ಪಟ್ಟೆಯ ಅಗೇಟ್, ಮಾಡುವ ವಿಧಾನವಂತೂ ನಮ್ಮ ಕೆಮಿಸ್ಟ್ರಿ ಲ್ಯಾಬಿನ ಆಟವೇ. ಕಲ್ಲನ್ನು ಸಕ್ಕರೆ ನೀರಿನಲ್ಲಿ ನೆನೆಹಾಕಿ, ಆಮೇಲೆ ಗಂಧಕಾಮ್ಲಕ್ಕೆ ಹಾಕೋದು. ರಂಧ್ರದೊಳಗಿನ ಸಕ್ಕರೆ ಕರಕಲಾಗಿ ಇದ್ದಿಲಾಗುತ್ತೆ. ಕೆಲವು ಪಟ್ಟೆ ಏನನ್ನೂ ಕುಡಿಯಲ್ಲ, ಅವು ಬಿಳಿಯಾಗೇ ಉಳಿಯುತ್ತವೆ.

ಹಾಗಾಗಿ ಕಣ್ಣು ಕುಕ್ಕುವ ಗುಲಾಬಿ, ನೇರಳೆ, ಗಾಢ ನೀಲಿ, ಗಿಳಿ ಹಸಿರು ಕಂಡರೆ ಅನುಮಾನ ಇರಲಿ. ಬಿರುಕಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯಾ ನೋಡಿ. ಮಣಿಯಾದರೆ ದಾರದ ತೂತಿನ ಬಾಯಿ ನೋಡಿ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಮುಗೀತು. ಬರದಿದ್ದರೆ ಅಸಲಿ ಅಂತ ಹಿಗ್ಗಬೇಡಿ, ಲೋಹದ ಲವಣದಿಂದ ಹಾಕಿದ ನೀಲಿ, ಹಸಿರು ಬಿಡೋದೇ ಇಲ್ಲ. ಕೆಂಪು ಮಾತ್ರ ಬೇರೆ ಲೆಕ್ಕ. ಗುಜರಾತಿನ ಖಂಭಾತ್‌ನಲ್ಲಿ ಕಲ್ಲನ್ನು ಕಾಯಿಸಿ ಕೆಂಪು ಮಾಡ್ತಾರೆ. ಒಳಗಿರುವ ಕಬ್ಬಿಣವೇ ಕೆಂಪಾಗೋದು, ಹೊರಗಿಂದ ಬಣ್ಣ ಹಾಕಲ್ಲ. ಅದನ್ನು ನಾನು ಮೋಸ ಅನ್ನಲ್ಲ.

ಮನೆಗೆ ತಂದ ಮೇಲೆ ಎರಡು ಪರೀಕ್ಷೆ ಮಾಡಬಹುದು. ಒಂದು, ಹಳೇ ಬಾಟಲಿ ಮೇಲೆ ಗೀಚಿ. ಅಗೇಟಿನ ಗಡಸುತನ ಹತ್ತರ ಅಳತೆಯಲ್ಲಿ 6.5ರಿಂದ 7, ಗಾಜಿನದು ಅದಕ್ಕಿಂತ ಕಮ್ಮಿ, ಅದಕ್ಕೇ ಗಾಜಿಗೆ ಗೀರು ಬೀಳುತ್ತೆ. ಇನ್ನೊಂದು ನನ್ನ ಮೆಚ್ಚಿನದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲು ತೂಗಿ, 52 ಗ್ರಾಂ ಅಂತಿಟ್ಟುಕೊಳ್ಳಿ. ಆಮೇಲೆ ಮುಕ್ಕಾಲು ನೀರಿರುವ ಲೋಟ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ದಾರ ಕಟ್ಟಿ ನೀರೊಳಗೆ ಮುಳುಗಿಸಿ ಹಿಡಿಯಿರಿ, ತಳಕ್ಕೂ ಪಕ್ಕಕ್ಕೂ ತಾಗಬಾರದು. ಈಗ 20 ತೋರಿಸಿದರೆ, 52 ಭಾಗಿಸು 20, ಅಂದರೆ ನೀರಿಗಿಂತ 2.6 ಪಟ್ಟು ಭಾರ. ಅಗೇಟ್ ಅಲ್ಲೇ ಆಸುಪಾಸು ಇರುತ್ತೆ. ಪ್ಲಾಸ್ಟಿಕ್ ರೆಸಿನ್ ಆದರೆ ಒಂದೂಕಾಲಿನ ಆಸುಪಾಸಲ್ಲೇ ನಿಲ್ಲುತ್ತೆ. ಗಾಜು ಮಾತ್ರ 2.5ರ ಹತ್ತಿರ, ಈ ತಕ್ಕಡಿಗೆ ಆ ವ್ಯತ್ಯಾಸ ಸಿಗಲ್ಲ. ಅದಕ್ಕೇ ಲೆನ್ಸ್ ಬೇಕು ಅಂದಿದ್ದು.

ನಮ್ಮ ಕಡೆಯ ಪಟ್ಟೆ ಕಲ್ಲಿನ ಬಗ್ಗೆಯೂ ಒಂದು ಮಾತು. ಭೀಮಸಮುದ್ರದ ಕಡೆ ಲಾರಿ ಓಡಿಸುವ ಪರಿಚಯದ ಹುಡುಗ ಒಂದು ಕಲ್ಲು ತಂದು, "ಸಾರ್, ಹಕೀಕ್ ಅಲ್ವಾ?" ಅಂದ. ಕೆಂಪು, ಬೂದು ಪಟ್ಟೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಕೈಗೆ ತೂಕ ಜಾಸ್ತಿ. ಟೈಲ್ಸಿನ ಹಿಂಭಾಗಕ್ಕೆ ಉಜ್ಜಿದರೆ ಕಾವಿ ಬಣ್ಣದ ಗೆರೆ. ಅದು ಕಬ್ಬಿಣದ ಪಟ್ಟೆ ಕಲ್ಲು. ಗುಳ್ಳೆಯೊಳಗೆ ಹುಟ್ಟಿದ್ದಲ್ಲ, 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳದಲ್ಲಿ ಕಬ್ಬಿಣವೂ ಸಿಲಿಕಾವೂ ಪದರ ಪದರವಾಗಿ ಕೂತಿದ್ದು. ಅಗೇಟ್ ಇದರ ಮುಂದೆ ಎಳೆಗೂಸು. ಅವನಿಗೆ ಬೇಜಾರಾಯ್ತು, ನಾನು ಮಾತ್ರ ಅದನ್ನು ಕೇಳಿ ಇಟ್ಟುಕೊಂಡೆ.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ, ಅಲ್ಲೂ ಗುಳ್ಳೆ ಇರಬೇಕು ಅಂತ ಸುತ್ತಿಗೆ ಹಿಡಿದು ಹೊರಡಬೇಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಜಿಲ್ಲೆಯ ಚಂದ್ರವಳ್ಳಿ, ಬ್ರಹ್ಮಗಿರಿಯಲ್ಲಂತೂ ನೆಲದ ಮೇಲೆ ಮಣಿ ಕಂಡರೂ ಜೇಬಿಗೆ ಹಾಕಬೇಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗಗಳವು. ಅಗೆತದಲ್ಲಿ ಕಲ್ಲಿನ ಮಣಿಗಳೂ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ಕಡೆಯವರಿಗೆ ಈ ಹುಚ್ಚು ಇತ್ತು ಅನ್ನಿ.

ಒರಟು ಕಲ್ಲನ್ನು ನೀವೇ ಹೊಳಪು ಮಾಡಬಹುದು. ಗಾಡಿ ಪೇಂಟಿಂಗಿನವರು ಬಳಸುವ ವಾಟರ್ ಪೇಪರ್ ತನ್ನಿ: 220, 400, 600, 1000. ಒಂದೊಂದರಲ್ಲೂ ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಉಜ್ಜಿ, ಕೊನೆಗೆ ಸೀರಿಯಂ ಆಕ್ಸೈಡ್ ಪುಡಿ ಹಚ್ಚಿ ತೊಗಲಿನ ತುಂಡಿನಲ್ಲಿ ತಿಕ್ಕಿ. ಕೈಯಲ್ಲಿ ಮಾಡಿದರೆ ಒಂದು ಕಲ್ಲಿಗೆ ವಾರ ಹಿಡಿಯುತ್ತೆ. ಆದರೆ ಏನೇ ಆಗಲಿ, ಒಣಗಿದ ಕಲ್ಲು ಉಜ್ಜಬೇಡಿ. ಖಂಭಾತ್‌ನಲ್ಲಿ ಅಗೇಟ್ ಉಜ್ಜುವ ಎಷ್ಟೋ ಜನರಿಗೆ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬಂದಿದೆ. ಶ್ವಾಸಕೋಶ ಒಮ್ಮೆ ಗಟ್ಟಿಯಾದರೆ ಮತ್ತೆ ಮೊದಲಿನ ಹಾಗಾಗಲ್ಲ. ನಾನು ಬಕೆಟ್ ನೀರಿನೊಳಗೆ ಕೈ ಮುಳುಗಿಸಿಯೇ ಉಜ್ಜೋದು. ಕೆಸರು ಒಣಗುವ ಮೊದಲೇ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡ್ತೀನಿ, ಪೊರಕೆ ಮುಟ್ಟಲ್ಲ.

ತೊಳೆಯೋದಕ್ಕೆ ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಬಿಸಿ ಮಾಡಿ ತಣ್ಣೀರಿಗೆ ಹಾಕಬೇಡಿ, ಸೀಳುತ್ತೆ. ತೊಳೆದ ಮೇಲೆ ಒಂದು ಚೀಟಿ ಬರೆಯಿರಿ: ಯಾವ ಊರಿನ ಕಲ್ಲು, ಯಾರು ಕೊಟ್ಟರು, ಯಾವಾಗ, ಎಷ್ಟಕ್ಕೆ. ಸಂಗ್ರಹಕಾರರು ಗೆರೆ ಎಷ್ಟು ಒತ್ತಾಗಿದೆ, ಬಿರುಕು ಇದೆಯಾ ಅಂತ ನೋಡಿದ ಮೇಲೆ ಮೂರನೇದಾಗಿ ಕೇಳೋದು ಊರನ್ನೇ. ನನ್ನ ಗುಲಾಬಿ ಸರಕ್ಕೂ ಚೀಟಿ ಇದೆ. "ಬಣ್ಣ ಹಾಕಿದ್ದು. 650. ಬಿಸಿಲಿಗೆ ಇಟ್ಟಿದ್ದು ಒಳ್ಳೇದಾಯ್ತು."