ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದವರು ನ್ಯಾಷನಲ್ ಗಾರ್ಡ್‌ಗೂ ಸೇರಬೇಕಾ?

ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವವರೂ ಇದ್ದಾರೆ. ಆರ್‌ಒಟಿಸಿ ಅಂದರೆ ಕಾಲೇಜಿನಲ್ಲಿ ಓದುತ್ತಲೇ ಸೇನೆಯ ಆಫೀಸರ್ ಆಗಲು ಕೊಡುವ ತರಬೇತಿ. ಕಾಲೇಜು ಫೀಸು ಸೇನೆಯದು, ತಿಂಗಳಿಗೆ 420 ಡಾಲರ್ ಕೈಖರ್ಚು, ಡಿಗ್ರಿ ಮುಗಿದ ಮೇಲೆ ಸೆಕೆಂಡ್ ಲೆಫ್ಟಿನೆಂಟ್. ಅಷ್ಟರಲ್ಲಿ ಹೈಸ್ಕೂಲಿಗೆ ಬಂದ ರಿಕ್ರೂಟರ್, “ಅದು ಬರುತ್ತೋ ಇಲ್ವೋ, ಈಗಲೇ ಗಾರ್ಡ್‌ಗೆ ಸಿಪಾಯಿಯಾಗಿ ಸೇರಿಬಿಡು” ಅಂತಾನೆ. ಗಾರ್ಡ್ ಅಂದರೆ ನ್ಯಾಷನಲ್ ಗಾರ್ಡ್, ಆಯಾ ರಾಜ್ಯದ ಅರೆಕಾಲಿಕ ಸೇನೆ. ನಾನು ಹೇಳುವುದಿಷ್ಟೇ: ಸ್ಕಾಲರ್‌ಶಿಪ್ ಉತ್ತರ ಬರುವ ತನಕ ಸಹಿ ಹಾಕಬೇಡಿ.

ಯಾಕೆಂದರೆ ಎರಡೂ ಒಂದೇ ಹೊತ್ತಿಗೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. 4 ವರ್ಷದ ಸ್ಕಾಲರ್‌ಶಿಪ್ ಸಿಕ್ಕವರು ಮೊದಲ ವರ್ಷ ನೋಡಿ, ಇದು ನನಗಲ್ಲ ಅನ್ನಿಸಿದರೆ ಸಾಲವಿಲ್ಲದೆ ಹೊರಬರಬಹುದು. ಎರಡನೇ ವರ್ಷ ಶುರುವಾದ ಮೇಲೆ ಬಿಟ್ಟರೆ ಮಾತ್ರ ಹಣ ವಾಪಸ್ ಕೊಡಬೇಕು, ಇಲ್ಲವೇ ಸಿಪಾಯಿಯಾಗಿ ದುಡಿಯಬೇಕಾಗಬಹುದು. ಗಾರ್ಡ್‌ನಲ್ಲಿ ಹಾಗಲ್ಲ. ಸೇರಿದಾಗಲೇ ಒಟ್ಟು 8 ವರ್ಷದ ಹೊಣೆ ಹೆಗಲಿಗೆ ಬರುತ್ತದೆ. ಸ್ಕಾಲರ್‌ಶಿಪ್ ಆಯ್ಕೆ ಮಂಡಳಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೂರುತ್ತದೆ, ಕಾಲೇಜು ಸೇರಿದ ಮೇಲೂ ಕ್ಯಾಂಪಸ್‌ನಲ್ಲೇ ಸಿಗುವ ಸ್ಕಾಲರ್‌ಶಿಪ್‌ಗಳಿವೆ. ಹಾಗಾಗಿ ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗಾಬರಿಯಾಗಿ ರಿಕ್ರೂಟರ್ ಹತ್ತಿರ ಓಡಬೇಕಿಲ್ಲ.

ಮೊದಲು ನೀವು ಸೇರಬೇಕೆಂದಿರುವ ಕಾಲೇಜಿನ ಆರ್‌ಒಟಿಸಿ ಕಚೇರಿಗೆ ಫೋನ್ ಮಾಡಿ. ಹೊಸ ಕೆಡೆಟ್‌ಗಳ ವಿಷಯ ನೋಡಿಕೊಳ್ಳುವವರು ಅಲ್ಲಿರುತ್ತಾರೆ. ರಿಕ್ರೂಟರ್ ಕೆಟ್ಟವನು ಅಂತಲ್ಲ, ಆದರೆ ಅವನ ಕೆಲಸ ಸಿಪಾಯಿಗಳನ್ನು ಸೇರಿಸುವುದು, ಆಫೀಸರ್‌ಗಳನ್ನಲ್ಲ.

ಆರ್‌ಒಟಿಸಿ ಕಚೇರಿಯವರನ್ನು ನೇರವಾಗಿ ಕೇಳಿ: ನನ್ನ ಸ್ಕಾಲರ್‌ಶಿಪ್ ಪೂರ್ಣಾವಧಿ ಸೇನೆಗಾ, ಗಾರ್ಡ್ ಮತ್ತು ರಿಸರ್ವ್‌ಗೆ (ಎರಡೂ ಅರೆಕಾಲಿಕ ಸೇನೆ) ಮೀಸಲಾದದ್ದಾ? ಇಲ್ಲೇ ಜಾಸ್ತಿ ಜನ ಎಡವುವುದು. ಪೂರ್ಣಾವಧಿ ಸೇನೆಯ ಸ್ಕಾಲರ್‌ಶಿಪ್ ಆದರೆ ಅದರ ಜೊತೆ ಗಾರ್ಡ್‌ನಲ್ಲಿ ಮುಂದುವರಿಯಲು ಸಾಮಾನ್ಯವಾಗಿ ಆಗುವುದಿಲ್ಲ. ಅಂದರೆ ಸುಮ್ನೆ ಸೇರಿ, ಸುಮ್ನೆ ಬಿಟ್ಟಂತೆ. ಮೀಸಲಾದದ್ದಾದರೆ ಎರಡೂ ಒಟ್ಟಿಗೆ ನಡೆಯಬೇಕು. ಅದಕ್ಕೆ ಎಸ್‌ಎಂಪಿ (ಸೈಮಲ್ಟೇನಿಯಸ್ ಮೆಂಬರ್‌ಶಿಪ್ ಪ್ರೋಗ್ರಾಂ) ಅಂತ ವ್ಯವಸ್ಥೆಯೇ ಇದೆ: ತಿಂಗಳಿಗೊಂದು ವಾರಾಂತ್ಯ ಡ್ರಿಲ್‌ಗೆ ಹೋಗುತ್ತೀರಿ, ಅದಕ್ಕೆ ಸಾರ್ಜೆಂಟ್ ದರ್ಜೆಯ ಸಂಬಳ. ಕೆಡೆಟ್ ಆಗಿ ಒಪ್ಪಂದವಾದ ಮೇಲೂ ಅದಕ್ಕೆ ಸೇರಬಹುದು, ಹೈಸ್ಕೂಲಿನಲ್ಲೇ ಸಹಿ ಹಾಕುವ ಅವಸರ ಯಾಕೆ, ಅಲ್ವಾ?

ಹಾಗಂತ ಗಾರ್ಡ್ ಬೇಡವೇ ಬೇಡ ಅಂತಲ್ಲ. ಎಲ್ಲ ಕಡೆಯಿಂದಲೂ ಸ್ಕಾಲರ್‌ಶಿಪ್ ಇಲ್ಲ ಅಂತಾಗಿ, ನಿಮ್ಮ ರಾಜ್ಯ ಗಾರ್ಡ್‌ನವರ ಕಾಲೇಜು ಫೀಸು ಕೊಡುವುದಾದರೆ ಒಳ್ಳೆಯ ದಾರಿಯೇ. ಆಗ ತರಬೇತಿಯ ಲೆಕ್ಕ ಹಾಕಿ. ಬೇಸಿಕ್ ಸುಮಾರು 10 ವಾರ, ಬೇಸಿಗೆ ರಜೆಯಲ್ಲಿ ಹೇಗೋ ಮುಗಿಯುತ್ತದೆ. ಅದಾದ ಮೇಲೆ ಕೆಲಸದ ತರಬೇತಿ ಇದೆಯಲ್ಲ, ಆರಿಸಿಕೊಂಡ ಕೆಲಸ ನೋಡಿಕೊಂಡು ಅದು ಕೆಲವೇ ವಾರವೂ ಆಗಬಹುದು, ತಿಂಗಳುಗಟ್ಟಲೆಯೂ ಆಗಬಹುದು, ಸೆಮಿಸ್ಟರ್ ಹೋಗುವುದು ಅಲ್ಲೇ.

ಸೇರುವುದೇ ಆದರೆ ಒಪ್ಪಂದದ ಪತ್ರ, ಅಂದರೆ ಡಿಡಿ ಫಾರಂ 4, ಮನೆಗೆ ತಂದು ಓದಿ. ಇದರಲ್ಲಿ ಮತ್ತು ಲಗತ್ತಿಸಿದ ಹಾಳೆಗಳಲ್ಲಿ ಇರುವುದಷ್ಟೇ ಸರ್ಕಾರದ ಮಾತು, ಬೇರೆ ಯಾರು ಏನೇ ಭರವಸೆ ಕೊಟ್ಟಿದ್ದರೂ ಅದು ನಡೆಯುವುದಿಲ್ಲ ಅಂತ ಅದರಲ್ಲೇ ದಪ್ಪಕ್ಷರದಲ್ಲಿ ಬರೆದಿದೆ. ಬೋನಸ್, ಕೆಲಸ, ಫೀಸು ಯಾವುದೇ ಇರಲಿ, ಲಗತ್ತಿನಲ್ಲಿ ಕಾಣದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಇನ್ನು ವೈದ್ಯಕೀಯ ಪರೀಕ್ಷೆ ಎರಡಕ್ಕೂ ಬೇರೆ ಬೇರೆ. ಚಿಕ್ಕಂದಿನ ಇನ್‌ಹೇಲರ್ ಕಥೆಯನ್ನು ಒಂದು ಕಡೆ ಹೇಳಿ ಇನ್ನೊಂದು ಕಡೆ ಮುಚ್ಚಿಡಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗುವಿಗೆ 17 ಆಗಿದ್ದರೆ ನಿಮ್ಮ ಸಹಿ ಇಲ್ಲದೆ ಸೇರಿಸಿಕೊಳ್ಳುವಂತಿಲ್ಲ, ಹಾಗಾಗಿ ಪ್ರಶ್ನೆ ಕೇಳಲು ಸಂಕೋಚ ಬೇಡ. ಸ್ಕಾಲರ್‌ಶಿಪ್‌ಗೆ ಅಮೆರಿಕದ ಪೌರತ್ವ ಬೇಕೇ ಬೇಕು. ಗ್ರೀನ್ ಕಾರ್ಡ್ ಇದ್ದರೆ ಸಿಪಾಯಿಯಾಗಿ ಸೇರಬಹುದು, ಆ ಸೇವೆಯಿಂದ ಪೌರತ್ವ ಬೇಗ ಸಿಗುವ ದಾರಿಯೂ ಇದೆ, ಹಾಗಾಗಿ ಅವರಿಗೆ ನಾನು ಮೇಲೆ ಹೇಳಿದ ‘ಕಾಯಿರಿ’ ಅನ್ನುವುದು ಅಷ್ಟಾಗಿ ಹೊಂದುವುದಿಲ್ಲ. ಎಚ್-4 ವೀಸಾದಲ್ಲಿದ್ದರೆ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಎರಡೂ ಆಗದು. ಇನ್ನೊಂದು, ವಿದೇಶಿ ಸೇನೆಯಲ್ಲಿ ಇರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬರಲು ಇರುವ ಕಾರ್ಡ್) ಕೊಡುವುದಿಲ್ಲ ಎನ್ನುವುದು ಭಾರತ ಸರ್ಕಾರದ ನಿಯಮ. ಅಜ್ಜಿ ಮನೆಗೆ ಹೋಗಲು ವೀಸಾ ಬೇಕಾಗಬಹುದು, ಸಹಿಗೆ ಮುಂಚೆ ಕಾನ್ಸುಲೇಟ್‌ನಲ್ಲಿ ವಿಚಾರಿಸಿ.